ಅರಣ್ಯವು ಇತ್ತ ಆಯುಸ್ಸು

ನ್ಯೂಯಾರ್ಕ್ ನಗರದ ವೈದ್ಯನಾದ ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೋ ಮಹಾಶಯನು 1873ರಲ್ಲಿ ಕ್ಷಯರೋಗಕ್ಕೆ ತುತ್ತಾದನು. ಅದೇ ರೋಗದಿಂದ ನರಳಿದ ಅಣ್ಣನನ್ನು ಆರೈಕೆಮಾಡಿ, ಅವನ ಮರಣವನ್ನು ಕಣ್ಣಾರೆ ಕಂಡವನು ಆತನು. ಬದುಕುವ ಆಸೆಯನ್ನು ತೊರೆದು, ಕಡೆಯ ದಿನಗಳನ್ನಾದರೂ ತನಗೆ ಪ್ರಿಯವಾದ ಅಡಿರಾಂಡಕ್ ಪರ್ವತಗಳ ಕಾಡಿನಲ್ಲಿ ಕಳೆಯಬೇಕೆಂದು ಹೊರಟನು. ಅಲ್ಲಿಯ ನಿರ್ಮಲವಾಯುವಿನಲ್ಲಿ ದೇಹವು ಚೇತರಿಸಿಕೊಂಡಿತು.

1882ರಲ್ಲಿ ರಾಬರ್ಟ್ ಕಾಕ್‌ನು ಕ್ಷಯದ ಕ್ರಿಮಿಯನ್ನು ಕಂಡುಹಿಡಿದನು. 1885ರಲ್ಲಿ ಟ್ರೂಡೋವು ಸಾರನ್ಯಾಕ್ ಸರೋವರದ ಬಳಿ ಬಡರೋಗಿಗಳಿಗಾಗಿ ಆರೋಗ್ಯಧಾಮವನ್ನು ತೆರೆದನು. ಕಾಡಿನ ಉಪಕಾರವೆಷ್ಟೆಂದು ತಿಳಿಯಲು ಐದೈದು ಮೊಲಗಳ ಮೂರು ಗುಂಪುಗಳನ್ನು ಪರೀಕ್ಷಿಸಿದನು. ಕ್ರಿಮಿಯನ್ನು ಸೇರಿಸಿ ಇಕ್ಕಟ್ಟಿನಲ್ಲಿ ಕೂಡಿಟ್ಟ ಐದರಲ್ಲಿ ನಾಲ್ಕು ಸತ್ತವು. ಕ್ರಿಮಿಯನ್ನು ಸೇರಿಸಿ ದ್ವೀಪದಲ್ಲಿ ಸ್ವೇಚ್ಛೆಯಾಗಿ ಬಿಟ್ಟ ಐದರಲ್ಲಿ ನಾಲ್ಕು ಉಳಿದವು. ಕ್ರಿಮಿಯಿಲ್ಲದೆ ಕತ್ತಲ ಗುಂಡಿಯಲ್ಲಿ ಅರೆಹೊಟ್ಟೆಯಲ್ಲಿಟ್ಟವು ಬಡಕಲಾದರೂ ಕ್ಷಯಕ್ಕೆ ಸಿಕ್ಕಲಿಲ್ಲ. ರೋಗಕ್ಕೆ ಬೀಜವು ಕ್ರಿಮಿಯೇ. ಅದನ್ನು ಎದುರಿಸುವ ಬಲವು ಗಾಳಿ, ಬೆಳಕು, ಆಹಾರಗಳಿಂದ ಒದಗುವುದೆಂದು ಇದರಿಂದ ತಿಳಿದುಬಂದಿತು.

ಆದರೆ ಅರಣ್ಯವು ರೋಗವನ್ನು ತಡೆಹಿಡಿಯಿತೇ ಹೊರತು ಬೇರುಸಹಿತ ಕೀಳಲಿಲ್ಲ. ಕ್ಷಯದ ಕ್ರಿಮಿಯನ್ನು ಅಡಗಿಸುವ ಸ್ಟ್ರೆಪ್ಟೊಮೈಸಿನ್ ಔಷಧವು ದೊರೆತುದು 1943ರಲ್ಲಿ. ಅದಕ್ಕೆ ಬಹುಮುಂಚೆ, 1915ರಲ್ಲಿ, ಟ್ರೂಡೋವು ಅದೇ ಕ್ಷಯದಿಂದ ತೀರಿಕೊಂಡನು. ಸಾಯಲೆಂದು ಕಾಡಿಗೆ ಹೋದವನಿಗೆ ಅಷ್ಟರಲ್ಲಿ 42 ವರ್ಷಗಳು ಸಂದಿದ್ದವು.