ಕಾಗದ ಇನ್‌ಸ್ಪೆಕ್ಟರಿಗೆ, ಗುಂಡಿ ನಮಗೆ

1972ರಲ್ಲಿ ಅಮೆರಿಕದಲ್ಲಿ ಒಂದು ಸಂಸ್ಥೆ ಹುಟ್ಟಿತು. ಕಾರ್ಪೆಟ್ ತೊಳೆಯುವವರಿಗೆ ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡುವ ಸಂಸ್ಥೆ. ನಗಬೇಡಿ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಮಧ್ಯಮವರ್ಗದ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವುದು ರೂಢಿಯಾಯ್ತು. ಅದನ್ನ ಹೊತ್ತುಕೊಂಡು ಹೋಗಿ ಕಲ್ಲಿಗೆ ಬಡಿಯೋಕಾಗಲ್ಲ, ಇದ್ದಲ್ಲೇ ತೊಳೀಬೇಕು. ಕ್ಷಾರ ಜಾಸ್ತಿಯಾದರೆ ಉಣ್ಣೆಯ ಎಳೆ ಹಾಳು. ನೈಲಾನಿಗೆ ಬೇರೆ ಲೆಕ್ಕ. ನೀರು ಒಳಗೇ ನಿಂತರೆ ಬೂಷ್ಟು. ಇದೆಲ್ಲ ಒಂದು ವಿದ್ಯೆ, ಇದನ್ನು ಬಲ್ಲವನು ಕಸುಬುದಾರ ಎಂದು ಆ ಕಾಗದ ಹೇಳಿತು. ಕಾಗದ ಇದ್ದವನು ಮನೆಬಾಗಿಲಲ್ಲಿ ನಿಂತು ತನ್ನ ದರ ತಾನೇ ಹೇಳಬಲ್ಲ. ಅವನಪ್ಪ ಏನು ಮಾಡುತ್ತಿದ್ದ ಅಂತ ಆ ಪರೀಕ್ಷೆ ಕೇಳುವುದಿಲ್ಲ.

ಅಮೆರಿಕವೇನೂ ಸ್ವರ್ಗವಲ್ಲ. 1968ರಲ್ಲಿ ಮೆಂಫಿಸ್ ನಗರದ ಕಸ ಹೊರುವ ಕಪ್ಪು ಜನ ಮುಷ್ಕರ ಹೂಡಿದರು. ಅವರ ಪರ ನಿಲ್ಲಲು ಹೋದ ಮಾರ್ಟಿನ್ ಲೂಥರ್ ಕಿಂಗರು ಆ ಊರಿನಲ್ಲೇ ಗುಂಡೇಟಿಗೆ ಬಲಿಯಾದರು. ನೆಲಹಾಸು ತೊಳೆಯುವವನಿಗೂ ಕಸ ಹೊರುವವನಿಗೂ ಇರುವ ಅಂತರ ಅಲ್ಲೂ ಚರ್ಮದ ಬಣ್ಣ ಕೇಳುತ್ತಿತ್ತು.

ಈಗ ನಮ್ಮ ಕಡೆ ಬನ್ನಿ. ಅದೇ 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಆಗ ನಮ್ಮ ಜನ ಹೊಲಸನ್ನ ತಲೆ ಮೇಲೆ ಹೊರುತ್ತಿದ್ದರು. ಬಕೆಟ್ಟು ಸೋರಿದರೆ ಮುಖದ ಮೇಲೆ. ಅರಸರ ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಇದು ಕೂಡದು ಎಂದು ನಿಷೇಧಿಸಿದರು. 1973ರ ಬೂಸಾ ಗಲಾಟೆ ಎಲ್ಲರ ಬಾಯಲ್ಲೂ ಇದೆ. ಈ ಆಜ್ಞೆ ಯಾರ ಬಾಯಲ್ಲೂ ಇಲ್ಲ. ಸಾಹಿತ್ಯಕ್ಕೆ ಆದ ಅವಮಾನ ನೆನಪಿಡುವಷ್ಟು ಸುಲಭವಾಗಿ ನಮ್ಮ ವಿದ್ಯಾವಂತರು ಮನುಷ್ಯರಿಗೆ ಆದ ಅವಮಾನ ನೆನಪಿಡುವುದಿಲ್ಲ.

ಹಾಗಾದರೆ ನಮ್ಮ ದೇಶದಲ್ಲಿ ಚೊಕ್ಕಟ ಮಾಡುವ ಕೆಲಸಕ್ಕೆ ಸರ್ಟಿಫಿಕೇಟೇ ಇರಲಿಲ್ಲವೆ? ಇತ್ತು ಸ್ವಾಮಿ, ಬಹಳ ಹಿಂದೆಯೇ ಇತ್ತು. ಲಂಡನ್ನಿನಲ್ಲಿ 1876ರಲ್ಲಿ ಸ್ಥಾಪನೆಯಾದ ಸ್ಯಾನಿಟರಿ ಇನ್‌ಸ್ಟಿಟ್ಯೂಟು ಮರುವರ್ಷವೇ ಊರಿನ ಹೊಲಸಿನ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರುಗಳಿಗೆ ಪರೀಕ್ಷೆ ಶುರುಮಾಡಿತು. ನಮ್ಮಲ್ಲಿ 1926ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಲೋಕಲ್ ಸೆಲ್ಫ್ ಗವರ್ನಮೆಂಟ್ ಸ್ಯಾನಿಟರಿ ಇನ್‌ಸ್ಪೆಕ್ಟರ್ ಡಿಪ್ಲೊಮಾ ಕೊಡುತ್ತ ಬಂದಿದೆ. ಚರಂಡಿ, ಸೊಳ್ಳೆ, ಕಾಲರಾ, ಸುಣ್ಣದ ಪುಡಿ ಎಲ್ಲ ಪುಸ್ತಕಕ್ಕೆ ಬಂದವು. ಓದಿದವನಿಗೆ ಕಾಗದ ಸಿಕ್ಕಿತು, ಸಂಬಳ ಸಿಕ್ಕಿತು, ಹಾಜರಿ ಪುಸ್ತಕ ಕೈಗೆ ಬಂತು. ಮೂಗಿಗೆ ಕರ್ಚೀಫು ಹಿಡಿದು ದಡದಲ್ಲಿ ನಿಂತ. ಇಳಿಯುವವನನ್ನ ಮಾತ್ರ ಯಾರೂ ಪರೀಕ್ಷೆ ಮಾಡಲಿಲ್ಲ. ಅವನ ಸರ್ಟಿಫಿಕೇಟು ಹುಟ್ಟಿದ ಕೇರಿಯಲ್ಲೇ ಬರೆದಾಗಿತ್ತು.

ಇಳಿಯುವವನಿಗೆ ವಿದ್ಯೆ ಇಲ್ಲವೆ? ಮ್ಯಾನ್‌ಹೋಲಿನ ಗ್ಯಾಸು, ಅಂದರೆ ಹೈಡ್ರೋಜನ್ ಸಲ್ಫೈಡು, ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ನಿಂತುಬಿಡುತ್ತದೆ. ವಾಸನೆ ನಿಂತಿತು ಅಂತ ಧೈರ್ಯ ಮಾಡಿದವನು ಮೇಲೆ ಬರುವುದಿಲ್ಲ. ಮೇಲೆ ತಿಳಿಯಾಗಿದ್ದರೂ ತಳದ ಕೆಸರು ಕಲಕಿದೊಡನೆ ಗ್ಯಾಸು ಏಳುತ್ತದೆ. ಮುಚ್ಚಳ ತೆಗೆದ ಕೂಡಲೇ ಇಳಿಯಬಾರದು, ಗಾಳಿಯಾಡಲು ಬಿಡಬೇಕು. ಬಿದ್ದವನನ್ನು ಎತ್ತಲು ಬರಿಗೈಲಿ ಎರಡನೆಯವನು ಹಾರಬಾರದು. ಹಾರುತ್ತಾನೆ, ತಮ್ಮನೋ ಅಳಿಯನೋ ಆಗಿರುತ್ತಾನಲ್ಲ, ಅದಕ್ಕೇ ಒಂದೊಂದು ಗುಂಡಿಯಿಂದ ಎರಡು ಮೂರು ಹೆಣ ಬರುತ್ತವೆ. ಕಾರ್ಪೆಟ್ಟಿನ ಎಳೆಯ ತಿಳುವಳಿಕೆ ಕಸುಬುಗಾರಿಕೆಯಾದರೆ ಇದು ಏನು? ಇದನ್ನು ಅನುಭವದಿಂದ ಬಲ್ಲವನು ಗುತ್ತಿಗೆದಾರನ ಪಟ್ಟಿಯಲ್ಲಿ 'ಅಕುಶಲ' ಕೂಲಿ.

ಆಮೇಲೆ ಕಾನೂನುಗಳು ಬಂದವು. 1993ರದ್ದು ಹೆಸರಿಗೆ ಬಂತು, ಹೋಯಿತು. 2013ರ ಕಾಯ್ದೆ ಮಲ ಹೊರುವವರನ್ನು ಗುರುತಿಸಿ ಫೋಟೋ ಇರುವ ಗುರುತಿನ ಚೀಟಿ, ಒಂದು ಸಲದ ನಗದು, ಬೇರೆ ಕಸುಬಿನ ತರಬೇತಿ ಕೊಡಬೇಕು ಎಂದಿತು. ಆದರೆ ಚೀಟಿ ಕೊಡಬೇಕಾದರೆ ನಮ್ಮಲ್ಲಿ ಇಂಥವರಿದ್ದಾರೆ ಎಂದು ಮುನಿಸಿಪಾಲಿಟಿಯೇ ಒಪ್ಪಬೇಕಲ್ಲ! ಒಪ್ಪಿದರೆ ತಪ್ಪು ತನ್ನ ತಲೆಗೇ. ಹೀಗಿದ್ದೂ 2013 ಮತ್ತು 2018ರ ಸಮೀಕ್ಷೆಗಳಲ್ಲಿ ದೇಶದಲ್ಲಿ 58,098 ಜನ ಲೆಕ್ಕಕ್ಕೆ ಸಿಕ್ಕರು. ಅವರಲ್ಲಿ ಜಾತಿಯ ವಿವರ ಇದ್ದವರು 43,797. ಪರಿಶಿಷ್ಟ ಜಾತಿಯವರು 42,594. ಇದು 2021ರಲ್ಲಿ ಸರ್ಕಾರವೇ ಪಾರ್ಲಿಮೆಂಟಿಗೆ ಕೊಟ್ಟ ಲೆಕ್ಕ. ಯಾವ ಪರೀಕ್ಷೆ ಇಷ್ಟು ಕರಾರುವಾಕ್ಕಾಗಿ ಜನರನ್ನು ಆರಿಸೀತು?

ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು; 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಅದನ್ನು ಪಡೆಯಲು ಬೇಕಾದ ಕಾಗದ ಪೋಸ್ಟ್‌ಮಾರ್ಟಂ ವರದಿ. ಬದುಕಿದ್ದಾಗ ಆ ಮನುಷ್ಯನ ಕೆಲಸವನ್ನು ಒಪ್ಪಿ ಬರೆದ ಕಾಗದ ಒಂದೂ ಇರುವುದಿಲ್ಲ, ಗುತ್ತಿಗೆದಾರ ಅವನನ್ನು ನೋಡೇ ಇಲ್ಲ ಅನ್ನುತ್ತಾನೆ.

ಈಗ ನಮ್ಮವರಿಗೂ ತರಬೇತಿ, ಸರ್ಟಿಫಿಕೇಟು ಎಂಬ ಮಾತು ಬಂದಿದೆ. 2023ರಲ್ಲಿ ಶುರುವಾದ ಕೇಂದ್ರದ ನಮಸ್ತೆ ಯೋಜನೆಯಲ್ಲಿ ಒಳಚರಂಡಿ ಕೆಲಸಗಾರರ ಪಟ್ಟಿ, ಸುರಕ್ಷಾ ಸಾಮಗ್ರಿ, ತರಬೇತಿ ಎಲ್ಲ ಇವೆ. ಸಂಘಟನೆಯ ಗೆಳೆಯರಲ್ಲಿ ಇದರ ಬಗ್ಗೆ ಎರಡು ಮಾತಿವೆ. ಕಾಗದ ಕೊಟ್ಟರೆ ಜಾತಿಯ ಕಸುಬಿಗೆ ಸರ್ಕಾರಿ ಮೊಹರು ಒತ್ತಿದಂತೆ ಅಂತ ಕೆಲವರು. ಕಾಗದವಿಲ್ಲದೆ ಕೂಲಿಯೂ ಇಲ್ಲ, ಮರ್ಯಾದೆಯೂ ಇಲ್ಲ ಅಂತ ಕೆಲವರು. ನಾವು ಇಬ್ಬರ ಮಾತನ್ನೂ ಕೇಳಿದ್ದೇವೆ. ಗುಂಡಿಗೆ ಇಳಿಯುವುದಕ್ಕೆ ಕೊಡುವ ಸರ್ಟಿಫಿಕೇಟು ನಮಗೆ ಬೇಡ. ಕೈಗವಸು ಕೊಟ್ಟು ಇಳಿಸಿದರೂ ಇಳಿಸಿದ್ದೇ. ಯಂತ್ರ ನಡೆಸುವುದಕ್ಕೆ, ಇನ್ನೊಬ್ಬನನ್ನು ಇಳಿಸಬೇಡ ಎಂದು ಕೆಲಸ ನಿಲ್ಲಿಸುವುದಕ್ಕೆ ಅಧಿಕಾರ ಕೊಡುವ ಕಾಗದ ಬೇಕು. ಡಿಪ್ಲೊಮಾದ ಕೋಣೆಗೂ ನಮ್ಮ ಮಕ್ಕಳು ಹೋಗಲಿ. ಹಾಗೆಯೇ ಇಷ್ಟು ವರ್ಷ ಅಲ್ಲಿ ಕೂತವರ ಮಕ್ಕಳೂ ಪೈಪು ಹಿಡಿಯಲಿ.

2019ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ 200 ಚರಂಡಿ ಯಂತ್ರಗಳನ್ನು ಹೊರಡಿಸಿದರು. ಈ ಕೆಲಸ ಮಾಡುತ್ತಿದ್ದವರಿಗೆ, ಚರಂಡಿಯಲ್ಲಿ ಸತ್ತವರ ಮನೆಯವರಿಗೆ ಮೊದಲ ಆದ್ಯತೆ, ಅವರೇ ಮಾಲೀಕರಾಗಬೇಕು ಎಂದು ಯೋಜನೆ. ನಮ್ಮ ತಾಲ್ಲೂಕುಗಳಲ್ಲೂ ಸಕ್ಕಿಂಗ್ ಮಷೀನುಗಳು ಓಡಾಡುತ್ತಿವೆ. ಅದು ಯಾರ ಹೆಸರಲ್ಲಿದೆ, ಪೈಪು ಹಿಡಿಯುವವನ ಕೇರಿ ಯಾವುದು, ಅವನಿಗೆ ಯಾರು ಏನು ಕಲಿಸಿದ್ದಾರೆ? ಮೇಷ್ಟ್ರುಗಳು, ಹಾಸ್ಟೆಲ್ ಹುಡುಗರು ತಮ್ಮ ತಮ್ಮ ಊರಿನಲ್ಲಿ ಇಷ್ಟನ್ನು ಕೇಳಿ, ಬರೆದು ನಮಗೆ ಕಳಿಸಿ.