ಕಿನ್ನಾಳ ಗೊಂಬೆಗಳ ಬಣ್ಣಗಾರಿಕೆ

ಕಿನ್ನಾಳ ಗೊಂಬೆಗಳ ಬಣ್ಣಗಾರಿಕೆಯು ಕರ್ನಾಟಕದ ಕೊಪ್ಪಳ ತಾಲ್ಲೂಕಿನ ಕಿನ್ನಾಳ ಗ್ರಾಮದ ಚಿತ್ರಗಾರ ಸಮುದಾಯದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಕಲೆ. ಹಗುರವಾದ ಮರದಲ್ಲಿ ಕೆತ್ತಿದ ಮೂರ್ತಿಗಳಿಗೆ ಹಲವು ಪದರಗಳ ತಳಲೇಪವನ್ನು ಹಾಕಿ, ಅದರ ಮೇಲೆ ಕುಂಚದಿಂದ ಬಣ್ಣ ತುಂಬುವುದು ಇದರ ವೈಶಿಷ್ಟ್ಯ. ಇಲ್ಲಿ ಬಣ್ಣವು ನೇರವಾಗಿ ಮರವನ್ನು ಮುಟ್ಟುವುದಿಲ್ಲ. ಈ ತಳಲೇಪವೇ ಕಿನ್ನಾಳದ ಗೊಂಬೆಯನ್ನು ಚನ್ನಪಟ್ಟಣದ ಗೊಂಬೆಗಳಿಂದ ಬೇರ್ಪಡಿಸುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆಯುವ ಯಂತ್ರದಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅಲ್ಲಿ ಕುಂಚಕ್ಕೆ ಕೆಲಸ ಕಡಿಮೆ. ಕಿನ್ನಾಳದಲ್ಲಿ ಕುಂಚವೇ ಪ್ರಧಾನ. ಕಿನ್ನಾಳ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಹಿನ್ನೆಲೆ

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯ ಚಿತ್ರಗಳನ್ನೂ ಅಲ್ಲಿನ ಮರದ ರಥದ ಕುಸುರಿ ಕೆಲಸವನ್ನೂ ಕಿನ್ನಾಳದ ಚಿತ್ರಗಾರರ ಪೂರ್ವಜರೇ ಮಾಡಿದರೆಂಬ ನಂಬಿಕೆ ಬಲವಾಗಿದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಉಚ್ಚಪ್ಪಯ್ಯನ ಮಠದ ಮೇಲ್ಛಾವಣಿಯಲ್ಲಿಯೂ ಹಳೆಯ ವರ್ಣಚಿತ್ರಗಳಿರುವುದರಿಂದ, ಬಣ್ಣದ ಕೆಲಸಕ್ಕೆ ಈ ಸೀಮೆಯಲ್ಲಿ ದೀರ್ಘ ಪರಂಪರೆ ಇತ್ತೆಂಬುದರಲ್ಲಿ ಸಂಶಯವಿಲ್ಲ. ಕೊಪ್ಪಳವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆದ್ದರಿಂದ ಅದಕ್ಕೂ ಹಿಂದಿನ ಗ್ರಂಥಗಳಲ್ಲಿ ಕಿನ್ನಾಳದ ವಿವರವನ್ನು ರಾಯಚೂರು ಜಿಲ್ಲೆಯ ಅಡಿಯಲ್ಲಿ ಹುಡುಕಬೇಕು.

ಹಿಂದೆ ನಾನಾ ಕಸುಬುಗಳಲ್ಲಿ ತೊಡಗಿದ ಜನರ ಗೊಂಬೆಗಳಿಗೆ ಬೇಡಿಕೆ ಹೆಚ್ಚಾಗಿತ್ತು. ಈಗ ದೇವತಾಮೂರ್ತಿಗಳು, ಪ್ರಾಣಿ, ಪಕ್ಷಿಗಳು ಮುಂದಾಗಿವೆ. ಹೋಳಿ ಹುಣ್ಣಿಮೆಯ ಸಮಯದಲ್ಲಿ ಕಾಮ, ರತಿಯರ ಮೂರ್ತಿಗಳಿಗೆ ಬೇಡಿಕೆ ಇರುತ್ತದೆ.

ಮರ ಮತ್ತು ತಳಲೇಪ

ಗೊಂಬೆಗೆ ಪೊಳಕಿ ಅಥವಾ ಪೊಣಕಿ ಎಂದು ಕರೆಯುವ ಹಗುರವಾದ, ಮೃದುವಾದ ಮರವನ್ನು ಬಳಸುತ್ತಾರೆ. ಆಂಧ್ರಪ್ರದೇಶದ ಕೊಂಡಪಲ್ಲಿಯ ಗೊಂಬೆಗಳಿಗೂ ತೆಲ್ಲ ಪೊಣಿಕಿ ಎಂಬ ಹಗುರ ಮರವೇ ಆಧಾರ. ಮೃದುವಾದ ಮರವನ್ನು ಕೆತ್ತುವುದು ಸುಲಭ. ಆದರೆ ಅದು ಬಣ್ಣವನ್ನು ಹೀರಿಕೊಳ್ಳುತ್ತದೆ, ಅದರ ಎಳೆಗಳೂ ಎದ್ದು ಕಾಣುತ್ತವೆ. ಮೂರ್ತಿಯನ್ನು ಒಂದೇ ತುಂಡಿನಲ್ಲಿ ಕಡೆಯುವುದೂ ಇಲ್ಲ. ಗರುಡನ ಮೂರ್ತಿಯಲ್ಲಿ 12 ಬಿಡಿಭಾಗಗಳೂ, ಪೀಠದ ಮೇಲೆ ಕುಳಿತ ಗಣೇಶನಲ್ಲಿ 22 ಬಿಡಿಭಾಗಗಳೂ ಇರುತ್ತವೆ. ಇಷ್ಟು ಸಂದುಗಳನ್ನು ಮುಚ್ಚಿ, ಇಡೀ ಮೈಯನ್ನು ಒಂದಾಗಿ ಕಾಣಿಸುವುದೇ ತಳಲೇಪದ ಮೊದಲ ಉದ್ದೇಶ.

ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟನ್ನು ಸೇರಿಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಜೋಡಿಸಿದ ಮೂರ್ತಿಯ ಮೈಗೆಲ್ಲ ಕಿಟ್ಟವನ್ನು ಕೈಯಿಂದಲೇ ಬಳಿದು, ಅದರ ಮೇಲೆ ಹತ್ತಿಯ ಸಣ್ಣ ತುಂಡುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಅನಂತರ ಹರಳುಕಲ್ಲಿನ ಪುಡಿಯ ಲೇಪ. ಬಣ್ಣ ನಿಲ್ಲುವುದು ಈ ಕೊನೆಯ ಪದರದ ಮೇಲೆ. ಕಿರೀಟ, ಹಾರ, ಡಾಬುಗಳಂತಹ ಆಭರಣಗಳನ್ನು ಕೆತ್ತುವುದಕ್ಕಿಂತ ಹೆಚ್ಚಾಗಿ ಇದೇ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬಿಸಿ ರೂಪಿಸುತ್ತಾರೆ. ಉಬ್ಬುಕೆಲಸದ ಸೊಗಸು ಬಣ್ಣದ ದಪ್ಪದಲ್ಲಿ ಮುಚ್ಚಿಹೋಗಬಾರದೆಂಬ ಕಾರಣಕ್ಕೆ ಮೇಲಿನ ಲೇಪ ತೆಳುವಾಗಿರಬೇಕಾಗುತ್ತದೆ.

ಲಾಜವರ

ಆಭರಣಗಳಿಗೆ ಲೋಹದ ಹೊಳಪು ಕೊಡುವ ಸಾಂಪ್ರದಾಯಿಕ ವಿಧಾನಕ್ಕೆ ಲಾಜವರ ಎಂದು ಹೆಸರು. ಇದರಲ್ಲಿ ತವರವನ್ನು ಬಳಸಲಾಗುತ್ತದೆ. ಬಿಳಿಯ ಲೋಹದ ಮೇಲೆ ಪಾರದರ್ಶಕವಾದ ಹಳದಿ ಮೆರುಗು ಬಿದ್ದರೆ ಅದು ಚಿನ್ನದಂತೆ ತೋರುತ್ತದೆ. ಚಿನ್ನವಿಲ್ಲದೆ ಚಿನ್ನದ ಕಾಂತಿ ತರುವ ಈ ತತ್ತ್ವ ಅನೇಕ ದೇಶಗಳ ಕಲೆಗಳಲ್ಲಿದೆ. ಅಂಗಡಿಯಲ್ಲಿ ಸಿಗುವ ಚಿನ್ನದ ಬಣ್ಣದ ಡಬ್ಬಿಯಿಂದ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಆ ಆಳವಾದ ಹೊಳಪು ಅದರಿಂದ ಬರುವುದಿಲ್ಲ.

ಅಕ್ರಿಲಿಕ್ ಬಣ್ಣದ ತೆಳುಲೇಪ

ಮೊದಲು ಕಲ್ಲು, ಮಣ್ಣು, ಸಸ್ಯಗಳಿಂದ ಪಡೆದ ಬಣ್ಣಗಳಿದ್ದವು. ಇಂದು ಕರಕುಶಲ ಕ್ಷೇತ್ರದಲ್ಲಿ ಎನಾಮೆಲ್ ಮತ್ತು ಅಕ್ರಿಲಿಕ್ ಬಣ್ಣಗಳು ಸಾಮಾನ್ಯವಾಗಿವೆ. ಅಕ್ರಿಲಿಕ್ ಬಣ್ಣವನ್ನು ನೀರಿನಲ್ಲಿ ತೆಳುಗೊಳಿಸಬಹುದು. ಒಣಗಿದ ಮೇಲೆ ಅದು ನೀರಿಗೆ ಕರಗುವುದಿಲ್ಲ. ಬಿಳಿಯ ತಳದ ಮೇಲೆ ಇಂತಹ ತೆಳುಲೇಪಗಳನ್ನು ಒಂದರ ಮೇಲೊಂದರಂತೆ ಕೊಟ್ಟರೆ, ಬೆಳಕು ತಳದವರೆಗೆ ಹೋಗಿ ಹಿಂದಿರುಗುವುದರಿಂದ ಬಣ್ಣಕ್ಕೆ ಜೀವ ಬರುತ್ತದೆ. ಮುಖದ ಮೈಬಣ್ಣಕ್ಕೆ, ಸೀರೆಯ ನೆರಿಗೆಗಳ ನೆರಳಿಗೆ ಈ ಕ್ರಮ ಹೊಂದುತ್ತದೆ.

ಆದರೆ ಮಿತಿಗಳಿವೆ. ಹುಣಸೆ ಬೀಜದ ಅಂಟು ನೀರಿಗೆ ಮೆತ್ತಗಾಗುವ ಗುಣದ್ದು. ಕುಂಚ ತೊಟ್ಟಿಕ್ಕುವಷ್ಟು ನೀರಿದ್ದರೆ ತಳಲೇಪವೇ ಸಡಿಲಗೊಂಡು, ಉಬ್ಬಿಸಿದ ಹಾರದ ಅಂಚು ಕದಲಬಹುದು. ಅತಿಯಾಗಿ ನೀರು ಬೆರೆಸಿದರೆ ಬಣ್ಣದಲ್ಲಿನ ಅಂಟೂ ದುರ್ಬಲವಾಗಿ, ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ. ನೀರಿನ ಬದಲು ಅಕ್ರಿಲಿಕ್ ಮಾಧ್ಯಮವನ್ನೇ ಬೆರೆಸುವುದು ಇದಕ್ಕೆ ಪರಿಹಾರ. ಪ್ರತಿ ಪದರವೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದನ್ನು ಹಚ್ಚಬೇಕು. ಎಲ್ಲ ಮುಗಿದ ಮೇಲೆ ವಾರ್ನಿಷ್ ಕೊಡುವುದುಂಟು. ಹೊಳಪಿಲ್ಲದ ವಾರ್ನಿಷ್ ಉಬ್ಬುಗೆಲಸದ ನೆರಳನ್ನು ಉಳಿಸುತ್ತದೆ. ಹೊಳಪಿನದು ಧೂಳು ಒರೆಸಲು ಅನುಕೂಲ.

ಮರುಬಣ್ಣ

ಗೊಂಬೆಯ ಬಣ್ಣ ಒಮ್ಮೆ ಮುಗಿದರೆ ಮುಗಿಯಿತು. ಪೂಜೆಯ ಮೂರ್ತಿಯದು ಹಾಗಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯೂ ಸೇರಿದಂತೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದ್ಯಾಮವ್ವ, ದುರ್ಗವ್ವರಂತಹ ಗ್ರಾಮದೇವತೆಯರ ಮರದ ಮೂರ್ತಿಗಳಿವೆ. ಜಾತ್ರೆಗೆ ಮುನ್ನ ಇವುಗಳಿಗೆ ಹೊಸ ಬಣ್ಣ ಹಚ್ಚುವ ಸಂಪ್ರದಾಯವಿದೆ. ಎಣ್ಣೆ, ಕುಂಕುಮ, ಅರಿಶಿನ, ದೀಪದ ಹೊಗೆ ಸೇರಿದ ಮೈಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ. ಹಳೆಯ ಎನಾಮೆಲ್‌ನ ನುಣುಪಿನ ಮೇಲೂ ಅದು ಸಿಪ್ಪೆಯಂತೆ ಏಳುತ್ತದೆ. ಜಿಡ್ಡನ್ನು ತೆಗೆದು ಮೇಲ್ಮೈಯನ್ನು ನಯವಾಗಿ ಉಜ್ಜಿ ತುಸು ಒರಟಾಗಿಸುವುದು ಇದಕ್ಕಾಗಿಯೇ. ಹಳೆಯ ಪದರಗಳನ್ನು ಪೂರ್ತಿ ಕೆರೆದು ತೆಗೆದರೆ ಅವುಗಳೊಂದಿಗೆ ಕಿಟ್ಟವೂ ಲಾಜವರವೂ ಹೋಗುತ್ತವೆ; ಕೆರೆಯದೆ ದಪ್ಪವಾಗಿ ಬಳಿಯುತ್ತಲೇ ಹೋದರೆ ಕಣ್ಣು, ತುಟಿ, ಬೆರಳುಗಳ ಗೆರೆ ಮುಚ್ಚಿಹೋಗುತ್ತದೆ. ಬಿಟ್ಟುಹೋದ ಭಾಗಕ್ಕೆ ಮಾತ್ರ ತಳಲೇಪ ಕೊಟ್ಟು, ಉಳಿದೆಡೆ ತೆಳುವಾಗಿ ಬಣ್ಣ ಹಚ್ಚುವುದು ಈ ಎರಡರ ನಡುವಣ ದಾರಿ.