ಕೊಕ್ಕೆಯ ಕಡ್ಡಿ

ಹಾಲಿನ ಪಾತ್ರೆಯ ಮೇಲೆ ಹೊದಿಸುವ, ಅಂಚಿನಲ್ಲಿ ಮಣಿಗಳನ್ನು ಪೋಣಿಸಿದ ಬಲೆಯಂಥ ಮುಚ್ಚಿಗೆಯನ್ನು ಕಾಣದವರು ನಮ್ಮಲ್ಲಿ ವಿರಳ. ಬಾಗಿಲ ತೋರಣ, ಮೇಜಿನ ಹೊದಿಕೆ, ಮಗುವಿನ ಕುಲಾವಿ, ಇವೂ ಅದೇ ಜಾತಿಗೆ ಸೇರಿದುವು. ಇದನ್ನು ಕ್ರೋಶ ಕೆಲಸವೆಂದು ಕರೆಯುವೆವು. ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರು ಹೊತ್ತು ಕಳೆಯಲು ಮಾಡುವ ಕೆಲಸವಿದೆಂದು ನಾವೂ ಬಹುಕಾಲ ನಂಬಿದ್ದೆವು. ಚರಿತ್ರೆಯನ್ನು ಬೋಧಿಸುವ ವೃತ್ತಿಯಲ್ಲಿದ್ದುಕೊಂಡು ಹೀಗೆ ನಂಬಿದುದು ನಮ್ಮ ತಪ್ಪೇ ಸರಿ.

ಕೆಲಸದ ಕ್ರಮ ಸರಳವಾದುದು. ತುದಿ ಬಾಗಿದ ಒಂದು ಕಡ್ಡಿ, ಒಂದು ನೂಲಿನ ಉಂಡೆ, ಇಷ್ಟೇ ಸಾಮಗ್ರಿ. ನೂಲಿನಲ್ಲಿ ಒಂದು ಕುಣಿಕೆ ಹಾಕಿ, ಅದರೊಳಗಿಂದ ಇನ್ನೊಂದು ಕುಣಿಕೆಯನ್ನು ಕೊಕ್ಕೆಯಿಂದ ಎಳೆದರೆ ಸರಪಳಿಯ ಮೊದಲ ಕೊಂಡಿಯಾಯಿತು. ಆರು ಕೊಂಡಿಗಳನ್ನು ಹೆಣೆದು ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿದರೆ ಬಳೆಯಾಗುವುದು. ಬಳೆಯ ಸುತ್ತ ಹೆಣೆಯುತ್ತ ಹೋದರೆ ಹೂವಾಗುವುದು. ಉಣ್ಣೆಯ ಅಂಗಿ ಹೆಣೆಯುವಾಗ ಒಂದು ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ನಿಂತಿರುತ್ತವೆ. ಕಡ್ಡಿ ಜಾರಿದರೆ ಸಾಲೇ ಹೋಯಿತು. ಕ್ರೋಶದಲ್ಲಾದರೋ ಒಂದು ಹೆಣಿಗೆ ಮುಗಿದಾಗ ಕೊಕ್ಕೆಯ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಮಗು ಅತ್ತರೆ, ಹಾಲು ಉಕ್ಕಿದರೆ, ಕೈಯಲ್ಲಿರುವುದನ್ನು ಹಾಗೆಯೇ ಇಟ್ಟು ಏಳಬಹುದು. ಈ ಸೌಕರ್ಯವನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಬೇಡುವೆವು.

ಹೆಸರು ಫ್ರೆಂಚ್ ಭಾಷೆಯದು. ಸಣ್ಣ ಕೊಕ್ಕೆ ಎಂದು ಅರ್ಥ. ಕಲೆ ಅತಿ ಪ್ರಾಚೀನವೆನ್ನುವವರುಂಟು. ಆದರೆ ಈ ಹೆಸರಿನಿಂದ ಹೆಣಿಗೆಯ ವಿಧಾನವು ಅಚ್ಚಿನಲ್ಲಿ ಮೊದಲು ಕಾಣುವುದು 1823ರಲ್ಲಿ, ಹಾಲೆಂಡಿನ ‘ಪೆನೆಲೋಪೆ’ ಎಂಬ ಪತ್ರಿಕೆಯಲ್ಲಿ. ಅಲ್ಲಿ ವಿವರಿಸಿದ್ದುದು ಮಹಾವಸ್ತುವೇನಲ್ಲ, ಹಣದ ಚೀಲ.

ಇಪ್ಪತ್ತೆರಡು ವರ್ಷಗಳ ತರುವಾಯ, 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಅಲ್ಲಿಯ ಬಡವರಿಗೆ ಅದೇ ಅನ್ನ. 1852ರೊಳಗೆ ಹಸಿವಿನಿಂದಲೂ ಜ್ವರದಿಂದಲೂ ಸುಮಾರು ಹತ್ತು ಲಕ್ಷ ಜನ ಮಡಿದರು. ಅಷ್ಟೇ ಮಂದಿ, ಪ್ರಾಯಶಃ ಅದಕ್ಕೂ ಹೆಚ್ಚು ಮಂದಿ, ಹಡಗು ಹತ್ತಿ ದೇಶ ಬಿಟ್ಟರು. ಆ ಕಾಲದಲ್ಲಿ ಕಾರ್ಕ್ ನಗರದ ಬಳಿಯ ಉರ್ಸುಲೈನ್ ಸಂನ್ಯಾಸಿನಿಯರು ಬಡ ಹುಡುಗಿಯರಿಗೆ ಕ್ರೋಶ ಕಲಿಸಿದರು. ಉತ್ತರದ ಕ್ಲೋನಿಸ್ ಎಂಬ ಊರಿನಲ್ಲಿ 1847ರಲ್ಲಿ ಪಾದ್ರಿಯೊಬ್ಬರ ಪತ್ನಿ ಕಸ್ಸಾಂಡ್ರ ಹ್ಯಾಂಡ್ ಎಂಬಾಕೆ ಅದನ್ನು ತಂದರು. ವೆನಿಸ್ಸಿನ ಸೂಜಿಯ ಲೇಸು ಸಿರಿವಂತರ ಸೊತ್ತು; ಒಂದು ಕೊರಳಪಟ್ಟಿಗೆ ತಿಂಗಳುಗಳೇ ಹಿಡಿಯುವುವು. ಅದರ ರೂಪವನ್ನೇ ಕೊಕ್ಕೆಯಿಂದ ಹೆಣೆದರೆ ಬಹು ಬೇಗ ಮುಗಿಯುವುದು, ಅಗ್ಗಕ್ಕೂ ದೊರೆಯುವುದು. ಒಂದು ಗುಡಿಸಲಿನಲ್ಲಿ ಗುಲಾಬಿ, ಮತ್ತೊಂದರಲ್ಲಿ ಎಲೆ, ಮಗುದೊಂದರಲ್ಲಿ ದ್ರಾಕ್ಷಿಯ ಗೊಂಚಲು. ಒಂದೊಂದು ಮನೆಯೂ ತನ್ನ ಹೂವಿನ ಗುಟ್ಟನ್ನು ನೆರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲವಂತೆ. ಬಿಡಿ ಹೂಗಳನ್ನೆಲ್ಲ ಬೇರೆಯವರು ಸಣ್ಣ ಎಳೆಗಳಿಂದ ಕೂಡಿಸಿ ಲೇಸು ಮಾಡುತ್ತಿದ್ದರು. ಇಟ್ಟು ಏಳಬಹುದಾದ ಕೆಲಸವಾದುದರಿಂದಲೇ ಇದು ಒಲೆಯ ಬಳಿ, ತೊಟ್ಟಿಲ ಬಳಿ ಸಾಗಿತು. ಹೊತ್ತು ಕಳೆಯಲು ಅಲ್ಲ, ಹಿಟ್ಟು ಕೊಳ್ಳಲು.

ಇಲ್ಲೊಂದು ಮಾತು. ವಿಲಿಯಂ ಲೀ ಎಂಬಾತನು 1589ರಲ್ಲಿಯೇ ಕಾಲುಚೀಲ ಹೆಣೆಯುವ ಯಂತ್ರವನ್ನು ರಚಿಸಿದನು. ಆತನ ಹೆಸರು ಕೈಗಾರಿಕೆಯ ಚರಿತ್ರೆಗಳಲ್ಲೆಲ್ಲ ಉಂಟು. ಕ್ರೋಶಕ್ಕಾದರೋ ಕಾರ್ಖಾನೆಗೆ ಒದಗುವ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಕ್ರೋಶದ ಚೀಲವೂ ಯಾರದೋ ಕೈಯ ಕೆಲಸವೇ. ಯಂತ್ರವಿಲ್ಲದೆ ಬೆಲೆ ಇಳಿಯಬೇಕಾದರೆ ಇಳಿಯುವುದು ಮುಖ್ಯವಾಗಿ ಕೂಲಿಯೇ.

ಇದಕ್ಕೆ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಆಂಧ್ರದೇಶದಲ್ಲಿ, ಗೋದಾವರಿಯ ತೀರದ ನರಸಾಪುರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಈ ಕೆಲಸವನ್ನು ತಂದರು. ಅಲ್ಲಿಯೂ ಮೊದಲು ಕಲಿತವರು ಬಡ ಹೆಂಗಸರು. ಅಲ್ಲಿಯೂ ಹೂವು ಹೆಣೆಯುವವರು ಒಬ್ಬರು, ಕೂಡಿಸುವವರು ಇನ್ನೊಬ್ಬರು. ಜರ್ಮನಿಯ ವಿದುಷಿ ಮರಿಯಾ ಮೀಸ್ ಅವರು ಈ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮನೆಗೆಲಸವನ್ನೆಲ್ಲ ಮಾಡಿ, ಅದರ ಮೇಲೆ ದಿನಕ್ಕೆ ಆರೆಂಟು ಗಂಟೆಗಳ ಕಾಲ ಹೆಣೆಯುತ್ತಿದ್ದವರನ್ನು ಲೋಕವು ಸುಮ್ಮನೆ ಮನೆಯಲ್ಲಿರುವ ಗೃಹಿಣಿಯರೆಂದೇ ಕರೆಯುತ್ತಿತ್ತು. ಅವರ ದುಡಿಮೆ ವಿರಾಮದ ವಿನೋದವೆನಿಸಿತು. ವಿನೋದಕ್ಕೆ ಪೂರ್ತಿ ಕೂಲಿ ಯಾರು ಕೊಡುವರು? ಲೇಸು ಸಮುದ್ರ ದಾಟಿತು, ಲಾಭ ವರ್ತಕರಲ್ಲಿ ನಿಂತಿತು. ‘ಹೊತ್ತು ಕಳೆಯುವ ಕೆಲಸ’ ಎಂಬ ನಮ್ಮ ಮಾತು ಎಷ್ಟು ದುಬಾರಿಯಾದುದೆಂದು ಆ ಗ್ರಂಥವನ್ನು ಓದಿದಾಗ ನಮಗೆ ತಿಳಿಯಿತು.

ಈ ಭಾಷಣವನ್ನು ಬರೆಯುವಾಗ, ನಮ್ಮ ಮನೆಯ ಹಾಲಿನ ಮುಚ್ಚಿಗೆಯನ್ನು ಮುಗಿಸಲು ಎಷ್ಟು ಹೊತ್ತು ಹಿಡಿಯಿತೆಂದು ತಾಯಿಯವರನ್ನು ವಿಚಾರಿಸಿದೆವು. ಮಣಿ ಪೋಣಿಸಲು ಎರಡು ಮಧ್ಯಾಹ್ನಗಳು ಹಿಡಿದುದು ಅವರಿಗೆ ಜ್ಞಾಪಕವಿತ್ತು, ಹೆಣೆದುದಕ್ಕೆ ಲೆಕ್ಕವಿಟ್ಟಿರಲಿಲ್ಲ.